ದಾನ ಕೊಟ್ಟ ದನಿ

ಒಂದೂರಿನಲ್ಲಿ ಇಬ್ಬರು ಅಕ್ಕತಂಗಿಯರು ಹುಟ್ಟಿದರಂತೆ. ಹಂಚಿಕೊಡುವ ಹೊತ್ತಿಗೆ ದೇವರು ತೂಕಡಿಸಿದನೋ ಏನೋ, ರೂಪವನ್ನೆಲ್ಲ ತಂಗಿಯ ಕಡೆ, ದನಿಯನ್ನೆಲ್ಲ ಅಕ್ಕನ ಕಡೆ ಸುರಿದುಬಿಟ್ಟನಂತೆ. ಅಜ್ಜಿ ಹೇಳುವ ಕಥೆಯಾಗಿದ್ದರೆ ಇಲ್ಲಿಂದ ಮುಂದೆ ಕಾಡು ಬರುತ್ತಿತ್ತು, ರಾಕ್ಷಸ ಬರುತ್ತಿದ್ದ. ಇವರ ಕಥೆಯಲ್ಲಿ ಸಿನಿಮಾ ಬಂತು.

ತಂಗಿಗೆ ಹತ್ತೊಂಬತ್ತಕ್ಕೇ ನಾಯಕಿಯ ಪಾತ್ರ ಸಿಕ್ಕಿತು. ಕ್ಯಾಮೆರಾ ಎದುರು ಕಣ್ಣಲ್ಲೇ ಅಳಿಸುವವಳು, ಬಾಯಿ ಬಿಟ್ಟರೆ ತಗಡಿನ ಮೇಲೆ ಮೊಳೆ ಎಳೆದ ಹಾಗೆ. ನಿರ್ಮಾಪಕರು ತಲೆಯ ಮೇಲೆ ಕೈಹೊತ್ತು ಕೂತಿದ್ದಾಗ, ಮೂಲೆಯಲ್ಲಿ ತಂಗಿಗೆ ಮಾತು ಹೇಳಿಕೊಡುತ್ತಿದ್ದ ಅಕ್ಕನ ದನಿ ಅವರ ಕಿವಿಗೆ ಬಿತ್ತು. ಮರುತಿಂಗಳೇ ಅಕ್ಕ, ಸದ್ದು ಹೀರುವ ದಪ್ಪ ಪರದೆಗಳ ಕೋಣೆಯಲ್ಲಿ ಮೈಕಿನ ಮುಂದೆ ನಿಂತಿದ್ದಳು. ತಂಗಿಯ ತುಟಿ ಎಲ್ಲಿ ಮುಚ್ಚುತ್ತದೆ, ಎಲ್ಲಿ ಅದುರುತ್ತದೆ ಎಂಬುದು ಅವಳಿಗೆ ಬಾಯಿಪಾಠ. ಮಾತಿಗೆ ಮುಂಚೆ ತಂಗಿ ಎಳೆದುಕೊಳ್ಳುವ ಉಸಿರನ್ನೂ ಬಿಡದೆ ತಾನೇ ಎಳೆದುಕೊಂಡಳು.

ಚಿತ್ರದಲ್ಲಿ ಅಕ್ಕನ ಹೆಸರು ಹಾಕುವ ಮಾತು ಬಂದಾಗ ನಿರ್ಮಾಪಕರು ನಕ್ಕುಬಿಟ್ಟರು. "ಇದಕ್ಕೆ ಕಂಠದಾನ ಅಂತಾರಮ್ಮ. ದಾನ ಕೊಟ್ಟೋರು ಹೆಸರು ಕೇಳ್ತಾರೇನು? ಬಲಗೈ ಕೊಟ್ಟಿದ್ದು ಎಡಗೈಗೆ ಗೊತ್ತಾಗಬಾರದು."

ಅಕ್ಕನೂ ನಕ್ಕಳು. ಬಸ್ಸಿಗೆ ಕಾಯುವಾಗ ಮಾತ್ರ ತಂಗಿಯನ್ನು ಮೆಲ್ಲಗೆ ಕೇಳಿದಳು: "ಪರದೆ ಮೇಲೆ ಬೇಡ ಬಿಡು. ನೀನೇ ಒಂದ್ಸಲ ನಾಲ್ಕು ಜನರ ಮುಂದೆ ಹೇಳೇ. ಸಾಕು."

"ಹೇಳ್ತೀನಕ್ಕ. ಇದೊಂದು ಪಿಕ್ಚರ್ ಗೆಲ್ಲಲಿ."

ಪಿಕ್ಚರ್ ಗೆದ್ದಿತು, ಪ್ರಶಸ್ತಿಯೂ ಬಂತು. ಪ್ರಶಸ್ತಿಪತ್ರದಲ್ಲಿ 'ಮುಖಕ್ಕೆ ತಕ್ಕ ದನಿ' ಎಂದು ಬರೆದಿತ್ತು. ಅದನ್ನು ಕೈಯಲ್ಲಿ ಹಿಡಿದು ಹೇಳುವುದಾದರೂ ಹೇಗೆ? ಇನ್ನೊಂದು ಆಗಲಿ ಎಂದುಕೊಂಡಳು ತಂಗಿ. ಹಾಗೆ ಇನ್ನೊಂದು, ಮತ್ತೊಂದು ಎನ್ನುತ್ತ ನಲವತ್ತಾದವು. ಸಭೆಗಳಲ್ಲಿ ಎರಡು ಮಾತಾಡಿ ಎಂದರೆ ಕತ್ತು ಮುಟ್ಟಿಕೊಂಡು, ಗಂಟಲು ಕೆಟ್ಟಿದೆ ಎಂದು ಸನ್ನೆ ಮಾಡುವಳು. ಅಕ್ಕ ಎರಡನೇ ಸಲ ಕೇಳಲೇ ಇಲ್ಲ. ಕೇಳಿದ್ದರೆ ಜಗಳವಾದರೂ ಆಡಬಹುದಿತ್ತು.

ಸಿನಿಮಾ ಕಡಿಮೆಯಾದ ಮೇಲೆ ಧಾರಾವಾಹಿ ಕೈಹಿಡಿಯಿತು. ಮನೆಮನೆಗೂ ಬೇಕಾದ ಅತ್ತೆಯ ಪಾತ್ರ. ದಿನಕ್ಕೊಂದು ಕಂತು, ದಿನವೂ ಅಕ್ಕನಿಗೆ ಮೈಕು. ಒಂದು ದಿನ ಮಾತಿನ ನಡುವೆಯೇ ಅಕ್ಕನ ದನಿ ಒಡೆಯಿತು. ಗಂಟಲಲ್ಲಿ ಗಂಟಿದೆ ಎಂದರು ವೈದ್ಯರು. ಗಂಟು ತೆಗೆಯುವಾಗ ದನಿಯೂ ಅದರ ಜೊತೆ ಹೋಯಿತು.

ಧಾರಾವಾಹಿ ಕಾಯುವಂತಿರಲಿಲ್ಲ. ತಂಗಿ ವಿಧಿಯಿಲ್ಲದೆ ತನ್ನದೇ ದನಿಯಲ್ಲಿ ಮಾತಾಡಿದಳು. ನೋಡುವವರು ಮರುಗಿದರು: ಪಾಪ, ಎಂಥ ದನಿ ಹೇಗಾಗಿಹೋಯಿತು! ಜೇನುತುಪ್ಪ ನೆಕ್ಕಿ, ಬಿಸಿನೀರು ಕುಡಿಯಿರಿ, ನಿಮ್ಮ ಗಂಟಲಿಗಾಗಿ ಬೇಡಿಕೊಂಡಿದ್ದೇವೆ ಎಂದು ಮೂಟೆಗಟ್ಟಲೆ ಪತ್ರ ಬಂದವು. ತಂಗಿ ಅವನ್ನು ಕಪಾಟಿನಲ್ಲಿ ಬಚ್ಚಿಟ್ಟಳು. ಹೊದಿಕೆ ಹುಡುಕಲು ಹೋದ ಅಕ್ಕನ ಕಾಲಮೇಲೆ ಅವು ದೊಪ್ಪನೆ ಬಿದ್ದವು. ಒಂದೊಂದನ್ನೇ ಓದಿ ಮುಗಿಸಿ, ಸ್ಲೇಟಿನ ಮೇಲೆ ಬರೆದು ತೋರಿಸಿದಳು: "ನನ್ನ ಕಾಯಿಲೇನೂ ನಿಂದೇ ಆಯ್ತಲ್ಲೇ."

ತಮಾಷೆಗೆ ಬರೆದದ್ದು. ಭುಜ ಕುಣಿಸಿ ಸದ್ದಿಲ್ಲದೆ ನಕ್ಕಳು ಕೂಡ. ಅಂದಿನಿಂದ ತಂಗಿಗೆ ತುತ್ತು ಇಳಿಯಲಿಲ್ಲ.

ಗಂಟು ಮತ್ತೆ ಚಿಗುರಿತು. ಇನ್ನು ದಿನಗಳ ಮಾತು ಎಂದರು ವೈದ್ಯರು. ಅದೇ ವಾರ ಟೀವಿಯವರು ತಂಗಿಗೆ ಸನ್ಮಾನ ಇಟ್ಟುಕೊಂಡಿದ್ದರು, ನೇರ ಪ್ರಸಾರ. ತಂಗಿ ಆಸ್ಪತ್ರೆಯಿಂದ ಹೊರಡುವಾಗ ಅಕ್ಕನಿಗೆ ಮಂಪರು. ಅವಳಿಗೆ ಏನೂ ಹೇಳಲಿಲ್ಲ. ಈ ಸಲವೂ ನಾಲಿಗೆ ಕೈಕೊಟ್ಟರೆ? ಎದ್ದಿರಲಿ, ಮಲಗಿರಲಿ, ನಾಲ್ಕಕ್ಕೆ ಟೀವಿ ಹಾಕಿಬಿಡಿ ಎಂದಷ್ಟೇ ನರ್ಸಿಗೆ ಹೇಳಿ ಬಂದಳು.

ಸಭಾಂಗಣ ತುಂಬಿತ್ತು. ನಿರೂಪಕಿ ಹಳೆಯ ಚಿತ್ರದ ತುಣುಕೊಂದನ್ನು ತೋರಿಸಿ, ಆ ದನಿಯ ಗುಟ್ಟೇನು ಮೇಡಂ ಎಂದು ಕೇಳಿದಳು. ತಂಗಿಯ ಕೈ ಎಂದಿನಂತೆ ಕತ್ತಿನ ಕಡೆ ಹೊರಟಿತು. ಅದನ್ನು ಇನ್ನೊಂದು ಕೈಯಿಂದ ಹಿಡಿದು ಕೆಳಗಿಟ್ಟಳು.

"ಆ ದನಿ ನಂದಲ್ಲಮ್ಮ. ನಮ್ಮಕ್ಕಂದು."

ಜನ ಚಪ್ಪಾಳೆ ತಟ್ಟಿದರು. ಎಂಥ ದೊಡ್ಡ ಮನಸ್ಸು, ಎಲ್ಲ ಅಕ್ಕನ ಆಶೀರ್ವಾದ ಅಂತಿದ್ದಾರೆ ಎಂದು ನಿರೂಪಕಿ ಕಣ್ಣೊರೆಸಿಕೊಂಡಳು. ಅಲ್ಲಿಗೆ ಸುಮ್ಮನಾಗಿದ್ದರೆ ಹೇಳಿದಂತೆಯೂ ಆಗುತ್ತಿತ್ತು, ಮಾನ ಉಳಿದಂತೆಯೂ ಆಗುತ್ತಿತ್ತು.

"ಚಪ್ಪಾಳೆ ಬೇಡ," ಎಂದಳು ತಂಗಿ. "ಆಶೀರ್ವಾದ ಅಲ್ಲ. ನಲವತ್ತು ಪಿಕ್ಚರಲ್ಲಿ ಬಾಯಿ ಆಡಿಸಿದ್ದು ನಾನು, ಮಾತಾಡಿದ್ದು ಅವಳು. ನನ್ನ ಗಂಟಲು ಹುಟ್ಟಿದಾಗಿಂದ ಹೀಗೇ. ಕೆಟ್ಟಿರೋದು ಅವಳದು. ನೀವು ಬರೆದ ಪತ್ರ ಎಲ್ಲ ಅವಳಿಗೆ ಬರಬೇಕಿತ್ತು."

ನಿರೂಪಕಿ ಕೈಯಲ್ಲಿದ್ದ ಚೀಟಿ ನೋಡಿದಳು; ಇದಕ್ಕೆ ಮುಂದಿನ ಪ್ರಶ್ನೆ ಅದರಲ್ಲಿರಲಿಲ್ಲ. ಪ್ರಸಾರದ ಕೋಣೆಯ ಗಾಜಿನ ಆಚೆ ಯಾರೋ ಜಾಹೀರಾತು ಹಾಕಿ ಎಂದು ಕೈಯಾಡಿಸುತ್ತಿದ್ದರು. ಕ್ಯಾಮೆರಾದ ಕೆಂಪು ದೀಪ ಇನ್ನೂ ಉರಿಯುತ್ತಿತ್ತು. ತಂಗಿ ಅದರ ಕಡೆ ತಿರುಗಿ, ತನ್ನ ಒಡಕು ದನಿಯಲ್ಲಿ, "ಹೇಳಿದೆ ಕಣಕ್ಕ," ಎಂದಳು.