ಸೋಲಿನ ಹೇಳಿಕೆ

ನನ್ನ ಅಕ್ಕ ಪುರಸಭೆ ಚುನಾವಣೆಗೆ ನಿಂತದ್ದು ಗೆಲ್ಲುವುದಕ್ಕೆ. ಇದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಅವಳ ಪಕ್ಷದಲ್ಲಿ ಆ ಉದ್ದೇಶಕ್ಕೆ ಅದುವರೆಗೆ ಯಾರೂ ನಿಂತಿರಲಿಲ್ಲ. ಅಲ್ಲಿಯವರು ನಿಲ್ಲುತ್ತಿದ್ದದ್ದು ತತ್ವಕ್ಕೆ. ಸೋತ ಮೇಲೆ ಯಾಕೆ ಸೋತೆವೆಂದು ಪತ್ರಿಕೆಗಳಿಗೆ ಹೇಳಿಕೆ ಕೊಡುತ್ತಿದ್ದರು. ಹೇಳಿಕೆ ಮಾತ್ರ ಅಚ್ಚುಕಟ್ಟಾಗಿರುತ್ತಿತ್ತು, ಇಲ್ಲದ್ದು ಹೇಳಬಾರದು.

ಅಕ್ಕ ಸರ್ಕಾರಿ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿದ್ದಳು. ಚುನಾವಣೆಗೆ ನಿಲ್ಲಬೇಕಾದರೆ ಕೆಲಸ ಬಿಡಬೇಕು, ಬಿಟ್ಟಳು. ಅವಳ ಕೈಯಲ್ಲಿ ಹುಟ್ಟಿದ ಕೂಸುಗಳೇ ಈಗ ವೋಟು ಹಾಕುವಷ್ಟು ಬೆಳೆದಿದ್ದವು. ಮನೆಮನೆಗೆ ಹೋಗಿ ಬೀದಿದೀಪ, ನಲ್ಲಿ, ಚರಂಡಿ ಅಂತ ಮಾತಾಡಿದಳು. ಜನ ಬಾಗಿಲು ತೆರೆದು ಕೇಳಿಸಿಕೊಂಡರು. ಪಕ್ಷದೊಳಗೆ ಗೊಣಗಾಟ ಶುರುವಾದದ್ದು ಆಗಲೇ. ಅಲ್ಲಿ ಕಾಲೇಜಿನಲ್ಲಿ ಪಾಠ ಮಾಡುವವರೊಬ್ಬರಿದ್ದಾರೆ. ಯಾವ ಮಾತನ್ನೂ ಬಾಲ ಅಂಟಿಸದೆ ಬಿಡದ ಕಾರಣ ನಾನು ಅವರಿಗೆ ಅಡಿಟಿಪ್ಪಣಿ ಅಂತ ಹೆಸರಿಟ್ಟಿದ್ದೇನೆ.

"ಚರಂಡಿ ಬೇಕು, ಬೇಡ ಅನ್ನಲ್ಲ. ಆದ್ರೆ ಇದ್ರಿಂದ ಪಕ್ಷ ಎತ್ತ ಹೋಗುತ್ತೆ ಅಂತ ನೋಡ್ಬೇಕಲ್ಲ" ಅಂದರು ಅಡಿಟಿಪ್ಪಣಿ.

ಚರಂಡಿ ಎತ್ತ ಹೋಗುತ್ತದೆ ಅನ್ನುವುದೇ ನಮ್ಮ ಬೀದಿಯ ಪ್ರಶ್ನೆಯಾಗಿತ್ತು. ಅದನ್ನು ಇವರ ತಲೆಗೆ ತುಂಬುವವರು ಯಾರು?

ಭಾವ ಪಕ್ಷದ ಕಾರ್ಯದರ್ಶಿ. ಸಾಧು ಮನುಷ್ಯ. ಅಕ್ಕನಿಗೆ ಅವರ ಪರಿಚಯವಾದದ್ದೇ ಪಕ್ಷದ ಕಚೇರಿಯಲ್ಲಿ. "ನೀನು ಧೈರ್ಯವಾಗಿ ನಿಲ್ಲು, ನಾನಿಲ್ವಾ" ಅಂತ ಹೇಳಿ ಅವಳಿಂದ ರಾಜೀನಾಮೆ ಕೊಡಿಸಿದವರೂ ಅವರೇ. ಆ ಮಾತನ್ನು ಅಕ್ಕ ನನಗೆ ಹೇಳುವಾಗ ಅವಳ ಮುಖ ಅರಳಿತ್ತು, ನನಗೂ ಭಾವನ ಮೇಲೆ ಪ್ರೀತಿ ಬಂದಿತ್ತು.

ಆ ಪಕ್ಷದ್ದೊಂದು ಪದ್ಧತಿ ಇದೆ. ಸಭೆ ನಡೆಯುವಾಗ ಅಧ್ಯಕ್ಷರು ಏಳುವ ತನಕ ಯಾರೂ ಏಳುವಂತಿಲ್ಲ. ದೊಡ್ಡ ಪಕ್ಷವೊಂದರ ಸಭೆಯಿಂದ ಕೆಲವರು ಎದ್ದು ಬಂದು ಕಟ್ಟಿದ ಪಕ್ಷ ಇದು. ಆಮೇಲೆ ಇದರ ಸಭೆಯಿಂದಲೂ ಕೆಲವರು ಎದ್ದು ಹೋಗಿ ಇನ್ನೊಂದು ಕಟ್ಟಿದರು. ಅಂದಿನಿಂದ ನಡುವೆ ಎದ್ದವನು ಪಕ್ಷ ಬಿಟ್ಟ ಅಂತಲೇ ಅರ್ಥ. ಸಕ್ಕರೆ ಕಾಯಿಲೆಯ ಸದಸ್ಯರು ಸಭೆಯ ದಿನ ನೀರು ಕೂಡ ಮುಟ್ಟುವುದಿಲ್ಲ.

ಮತದಾನದ ದಿನ ಬೆಳಿಗ್ಗೆ ನಾನು ವೋಟು ಹಾಕಿ, ನನ್ನ ವ್ಯಾನಿನಲ್ಲಿ ಮುದುಕರು, ಬಸುರಿಯರು, ಕಾಲು ಮುರಿದವರು ಎಲ್ಲರನ್ನೂ ಮತಗಟ್ಟೆಗೆ ಸಾಗಿಸುತ್ತಿದ್ದೆ. ಅಕ್ಕ ಬಿಸಿಲಲ್ಲಿ ಬೀದಿ ಸುತ್ತುತ್ತಿದ್ದಳು. ಪಕ್ಷದವರು ಎಲ್ಲಿ ಅಂತ ನೋಡಿದರೆ ಕಚೇರಿಯಲ್ಲಿ ಸಭೆ. ಹಿಂದಿನ ಸಲ ಸೋಲಿನ ಹೇಳಿಕೆ ತಡವಾಗಿ ಹೋಗಿ ಪತ್ರಿಕೆಯಲ್ಲಿ ಬಂದಿರಲಿಲ್ಲವಂತೆ. ಈ ಸಲ ಮೊದಲೇ ಬರೆದಿಟ್ಟುಕೊಳ್ಳುತ್ತಿದ್ದರು.

"ಗೆದ್ದುಬಿಟ್ರೆ?" ಅಂತ ಕೇಳಿದೆ.

"ಗೆದ್ರೆ ಹೇಳಿಕೆ ಯಾಕಪ್ಪಾ ಬೇಕು" ಅಂದರು ಅಧ್ಯಕ್ಷರು. ಹಿಂದೆ ಔಷಧಿ ಅಂಗಡಿ ಇಟ್ಟಿದ್ದವರು, ಯಾವುದಕ್ಕೂ ಗಡಿಬಿಡಿ ಮಾಡುವವರಲ್ಲ.

ಸೋಲಿಗೆ ಅಭ್ಯರ್ಥಿ ಕಾರಣವೋ, ಪಕ್ಷ ಹಿಡಿದ ದಾರಿ ಕಾರಣವೋ ಎಂಬಲ್ಲಿ ಹೇಳಿಕೆ ಸಿಕ್ಕಿಕೊಂಡಿತ್ತು. ಮಧ್ಯಾಹ್ನ ಅವರನ್ನು ವೋಟಿಗೆ ಕರೆದೊಯ್ಯಲು ವ್ಯಾನು ತಂದು ಬಾಗಿಲಲ್ಲಿ ನಿಲ್ಲಿಸಿದೆ. "ಈ ಪ್ಯಾರಾ ಮುಗೀಲಿ" ಅಂದರು ಭಾವ. ಸಂಜೆ ಮತ್ತೆ ಹೋದೆ. "ಒಂದೇ ವಾಕ್ಯ ಕಣೋ, ಬಂದೆ" ಅಂದರು. ಮತಗಟ್ಟೆ ಇದ್ದದ್ದು ಪಕ್ಕದ ಬೀದಿಯಲ್ಲಿ. ಅದರ ಗೇಟು ಹಾಕಿದಾಗಲೂ ಅಡಿಟಿಪ್ಪಣಿಯ ದನಿ ಕಿಟಕಿಯಿಂದ ಕೇಳುತ್ತಿತ್ತು. ಮೈಯೆಲ್ಲ ಉರಿದುಹೋಯಿತು. ಆದರೂ ಅಕ್ಕ ಗೆದ್ದೇ ಗೆಲ್ಲುತ್ತಾಳೆ, ಸುಮ್ಮನೆ ಗಂಡ ಹೆಂಡಿರ ನಡುವೆ ಯಾಕೆ ತಂದಿಡಲಿ ಅಂತ ಅಕ್ಕನ ಮುಂದೆ ಬಾಯಿ ಮುಚ್ಚಿಕೊಂಡೆ.

ಅಕ್ಕ ಏಳು ವೋಟಿನಿಂದ ಸೋತಳು. ಆ ಕೋಣೆಯಲ್ಲಿದ್ದವರು ಹನ್ನೊಂದು ಜನ, ಎಲ್ಲರೂ ಅದೇ ವಾರ್ಡಿನವರು. ಪಕ್ಷದ ಇತಿಹಾಸದಲ್ಲೇ ಅದು ಅತ್ಯುತ್ತಮ ಸೋಲು.

ಆತ್ಮಾವಲೋಕನ ಸಭೆಗೆ ನಾನೇ ಅಕ್ಕನನ್ನು ಕರೆದುಕೊಂಡು ಹೋದೆ. ನಾನು ಸದಸ್ಯನಲ್ಲ, ಅದಕ್ಕೆ ಬಾಗಿಲ ಬಳಿ ನಿಂತೆ. ಪಂಖ ಕಿರಗುಟ್ಟುತ್ತಿತ್ತು. ಅಡಿಟಿಪ್ಪಣಿ ಗಂಟಲು ಸರಿಮಾಡಿಕೊಂಡರು. ಜನ ನಮ್ಮಿಂದ ವಿಚಾರ ಬಯಸಿದ್ದರು, ಅಭ್ಯರ್ಥಿ ಅವರಿಗೆ ನಲ್ಲಿ ತೋರಿಸಿದರು, ಇದು ದಿಕ್ಕು ತಪ್ಪಿದ ಲಕ್ಷಣ ಅಂದರು. ಉಳಿದವರು ತಲೆ ಆಡಿಸಿದರು. ಅಕ್ಕ ಕೈಕಟ್ಟಿ ಕೂತಿದ್ದಳು. ಮೂರು ತಿಂಗಳು ಅಲೆದು ಅವಳ ಚಪ್ಪಲಿ ಸವೆದು ಹಾಳೆಯಾಗಿತ್ತು. ನನಗೆ ತಡೆಯಲಾಗಲಿಲ್ಲ.

"ಜನ ಏನು ಬಯಸಿದ್ರೋ ಆಮೇಲೆ ನೋಡೋಣ ಸ್ವಾಮಿ. ನೀವ್ಯಾರೂ ವೋಟೇ ಹಾಕಿಲ್ವಲ್ಲ" ಅಂದೆ.

"ಸದಸ್ಯರಲ್ಲದವರು ಮಾತಾಡೋ ಹಾಗಿಲ್ಲ" ಅಂದರು ಅಧ್ಯಕ್ಷರು.

ಅಕ್ಕ ನನ್ನನ್ನು ನೋಡಿದಳು. ಆಮೇಲೆ ಸಭೆಯ ಕಡೆ ತಿರುಗಿದಳು.

"ನಾನು ಸದಸ್ಯೆ ಅಲ್ವಾ, ನಾನು ಕೇಳ್ತೀನಿ. ಯಾರ್ಯಾರು ವೋಟು ಹಾಕಿದ್ರಿ, ಕೈ ಎತ್ತಿ."

"ಅದು ಇವತ್ತಿನ ಅಜೆಂಡಾದಲ್ಲಿಲ್ಲ" ಅಂದರು ಅಡಿಟಿಪ್ಪಣಿ. ಒಂದು ಕೈಯೂ ಮೇಲೇಳಲಿಲ್ಲ. ಯಾರೋ ಕನ್ನಡಕ ಒರೆಸಿಕೊಂಡರು.

ಅಕ್ಕ ಭಾವನ ಕಡೆ ನೋಡಿದಳು. "ನೀವೂನಾ?"

ಭಾವ ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡಿದರು. "ಎಲ್ರೂ ಕೂತಿರೋವಾಗ ನಾನೊಬ್ನೇ ಎದ್ರೆ ಭಿನ್ನಮತ ಅಂದ್ಕೊತಾರೆ ಕಣೇ. ಅದೂ ಅಭ್ಯರ್ಥಿ ಗಂಡ ಬೇರೆ" ಅಂದರು. ಅವರ ದನಿಯಲ್ಲಿ ಕಪಟ ಇರಲಿಲ್ಲ. ಅದರಿಂದಲೇ ನನಗೆ ಹೆಚ್ಚು ಸಂಕಟವಾಯಿತು.

ಮತದಾನದ ದಿನ ಇನ್ನು ಮುಂದೆ ಸಭೆ ಬೇಡ, ಹೇಳಿಕೆಯನ್ನು ಹಿಂದಿನ ದಿನವೇ ಬರೆಯುವುದು ಅಂತ ಸಭೆ ಸರ್ವಾನುಮತದಿಂದ ಠರಾವು ಮಾಡಿತು. ಅಧ್ಯಕ್ಷರು ಎದ್ದರು, ಎಲ್ಲರೂ ಎದ್ದರು. ಭಾವ ಠರಾವನ್ನು ಶುದ್ಧಪ್ರತಿ ಮಾಡಲು ಉಳಿದರು.

ಅಕ್ಕ ವ್ಯಾನಿನಲ್ಲಿ ನನ್ನ ಪಕ್ಕ ಕೂತಳು. ನಾನು ಅವಳ ಮನೆಯ ದಾರಿಗೆ ತಿರುಗಿಸಲು ಹೋದಾಗ ಸ್ಟೇರಿಂಗ್ ಮೇಲೆ ಕೈ ಇಟ್ಟಳು.

"ನಿಮ್ಮನೆಗೆ ನಡಿ."

"ಏಳೇ ವೋಟು ಕಣಕ್ಕಾ" ಅಂದೆ, ಬೇರೇನು ಹೇಳಬೇಕೋ ತೋಚದೆ. "ಅವರೆಲ್ಲ ಬಂದಿದ್ರೆ ಗೆದ್ದಿರ್ತಿದ್ದೆ."

"ಅವರೆಲ್ಲ ಯಾಕೆ ಬೇಕಿತ್ತೋ" ಅಂದಳು ಅಕ್ಕ. "ನಿನ್ನ ಭಾವಂದೊಂದು ಬಿದ್ದಿದ್ರೆ ಆರರಲ್ಲಿ ಸೋತು ನೆಮ್ಮದಿಯಾಗಿ ಮನೆಗೆ ಹೋಗಿರ್ತಿದ್ದೆ."