ನಿಲ್ಲದ ನಿಲ್ದಾಣ

ಬಾಹ್ಯಾಕಾಶ ಕೇಂದ್ರದ ಸಿಬ್ಬಂದಿ ಬಸ್ಸನ್ನು ವರ್ಷಾನುಗಟ್ಟಲೆ ಓಡಿಸಿದ ಡ್ರೈವರಮ್ಮ ಇವತ್ತು ನಿಯಂತ್ರಣ ಕೊಠಡಿಯ ಸಹಾಯಕಿ ಹುದ್ದೆಯ ಪರೀಕ್ಷೆಗೆ ಕುಳಿತಿದ್ದಳು. ಬೆನ್ನುಮೂಳೆ ಕೈಕೊಟ್ಟ ಮೇಲೆ ಡಾಕ್ಟರು ಸ್ಟೀರಿಂಗ್ ಮುಟ್ಟಲೇಬಾರದು ಎಂದಿದ್ದರು. ಇದೂ ತಪ್ಪಿದರೆ ಕೆಲಸಕ್ಕೆ ಕೈಮುಗಿದು ಮನೆ ಸೇರಬೇಕು.

ಫಿಸಿಕ್ಸ್ ಮೇಷ್ಟ್ರಾದ ಮೈದುನ ತಿಂಗಳುಗಟ್ಟಲೆ ಪಾಠ ಹೇಳಿ ಅವಳ ತಲೆ ತಿಂದಿದ್ದ. ಕಾಗದದ ಲೆಕ್ಕಗಳೆಲ್ಲ ನೀರು ಕುಡಿದಂತೆ ಮುಗಿದವು. ಉಳಿದದ್ದು ಕಂಪ್ಯೂಟರ್ ಪರದೆಯ ಮೇಲಿನ ಕೊನೆಯ ಪ್ರಶ್ನೆ. ಭೂಮಿಯ ಸುತ್ತ ಒಂದೇ ಕಕ್ಷೆ. ಮುಂದೆ ಬಾಹ್ಯಾಕಾಶ ನಿಲ್ದಾಣ, ಹಿಂದೆ ಇವಳ ನೌಕೆ. ಬೆನ್ನಟ್ಟಿ ಹಿಡಿದು ಪಕ್ಕದಲ್ಲಿ ನಿಲ್ಲಿಸಬೇಕು.

“ನಿಲ್ದಾಣಕ್ಕೆ ಗಾಡಿ ತರೋದು ತಾನೇ ಸಾರ್? ಹೊಟ್ಟೆಪಾಡೇ ಅದು,” ಎಂದು ಪಕ್ಕದಲ್ಲಿ ನಿಂತಿದ್ದ ಪರೀಕ್ಷಕರಿಗೆ ಹೇಳಿ ವೇಗದ ಗುಂಡಿ ಒತ್ತಿದಳು.

ನೌಕೆ ಮೇಲಕ್ಕೇರಿತು. ಒಂದು ಸುತ್ತು ಮುಗಿಯುವಷ್ಟರಲ್ಲಿ ನಿಲ್ದಾಣ ಇನ್ನೂ ದೂರ ಹೋಗಿತ್ತು.

ಡ್ರೈವರಮ್ಮನಿಗೆ ಗರ ಬಡಿದಂತಾಯಿತು. “ಅಯ್ಯಯ್ಯೋ, ಹಿಂದೆ ಬಿದ್ದೆನಲ್ಲ! ಗುಂಡಿ ಅದಲುಬದಲು ಜೋಡ್ಸಿದೀರಾ ಸಾರ್?”

“ಗುಂಡಿ ಸರಿಯಾಗೇ ಇದೆ ತಾಯಿ. ಕೆಳಗೆ ಭೂಮಿ ಅಂತ ಒಂದಿದೆ, ಅದನ್ನ ಮರೆತ್ರಿ.” ಪರೀಕ್ಷಕರು ಪರದೆಯ ನೌಕೆಯನ್ನು ಮೊದಲಿನ ಜಾಗಕ್ಕೆ ತಂದಿಟ್ಟರು. “ಇನ್ನೊಂದೇ ಅವಕಾಶ.”

‘ಎತ್ತರದ ದಾರಿ ಉದ್ದ ಅತ್ತಿಗೆ, ಅಲ್ಲಿ ನಡಿಗೆಯೂ ನಿಧಾನ. ತಗ್ಗಿನ ದಾರಿ ಚಿಕ್ಕದು, ಅಲ್ಲಿ ಓಟ ಜೋರು.’ ಮೈದುನ ಹೇಳಿದ್ದನ್ನು ಬೆಳಿಗ್ಗೆಯಷ್ಟೇ ಕಾಗದದಲ್ಲಿ ಬರೆದಿದ್ದಳು. ಬರೆದ ಕೈಯೇ ಅದನ್ನು ನಂಬಿರಲಿಲ್ಲ!

ಮುಂದಿನ ಗಾಡಿ ಹಿಡಿಯಲು ಬ್ರೇಕು! ಹಲ್ಲು ಕಚ್ಚಿ ಬ್ರೇಕಿನ ಗುಂಡಿಯನ್ನು ತುಸುವೇ ಮುಟ್ಟಿದಳು. ಹೆಚ್ಚಾದರೆ ನೌಕೆ ದಟ್ಟ ಗಾಳಿಗೆ ಬಿದ್ದು ಉರಿದು ಕರಕಲಾಗುತ್ತದೆ. ನೌಕೆ ತಗ್ಗಿತು, ಭೂಮಿಯ ಆಚೆ ಬದಿಯಲ್ಲಿ ಓಡೋಡಿತು, ಸುತ್ತು ಮುಗಿಸಿ ಮೇಲೆ ಬರುವಾಗ ನಿಲ್ದಾಣದ ಮಗ್ಗುಲಲ್ಲೇ ಇತ್ತು.

“ಬಂತು! ಬಂದೇಬಿಡ್ತು!”

ನಿಲ್ದಾಣ ಬಂತೆಂದರೆ ಮುಂದಿನದನ್ನು ಯೋಚಿಸುವ ಅಭ್ಯಾಸವೇ ಅವಳಿಗಿರಲಿಲ್ಲ. ಬೆರಳು ತಾನಾಗಿ ಮತ್ತೆ ಬ್ರೇಕಿನತ್ತ ಹೊರಟಿತು.

“ಡ್ರೈವರಮ್ಮ,” ಎಂದರು ಪರೀಕ್ಷಕರು ಮೆತ್ತಗೆ, “ನಿಮ್ಮ ನಿಲ್ದಾಣ ನಿಂತಿದೆಯಾ?”

ಪರದೆಯ ಮೂಲೆಯ ಅಂಕಿಗಳನ್ನು ನೋಡಿದಳು. ಮೇಲೇರುತ್ತ ನೌಕೆಯ ವೇಗ ಕುಗ್ಗಿತ್ತು; ನಿಲ್ದಾಣ ಇವಳಿಗಿಂತ ಜೋರಾಗಿ ಓಡುತ್ತಿತ್ತು.

“ಹೆಸರಿಗೆ ನಿಲ್ದಾಣ! ನಿಲ್ಲೋದೇ ಇಲ್ವಲ್ಲ ಸಾರ್ ಇದು!”

ಬೆರಳನ್ನು ಬೆಂಕಿಯಿಂದ ಎಳೆದಂತೆ ಎಳೆದು ವೇಗದ ಗುಂಡಿಗೆ ಒತ್ತಿದಳು. ಎರಡು ಅಂಕಿಗಳೂ ಒಂದಾದವು. ನಿಲ್ದಾಣ, ನೌಕೆ ಅಕ್ಕತಂಗಿಯರಂತೆ ಜೊತೆಗೂಡಿ ಸಾಗಿದವು.

“ಪಾಸು. ಸೋಮವಾರದಿಂದ ಕೆಲಸಕ್ಕೆ ಬನ್ನಿ,” ಎಂದರು ಪರೀಕ್ಷಕರು.

“ಬ್ರೇಕ್ ಹಾಕಿ ಹಿಡಿದೆ, ವೇಗ ಕೊಟ್ಟು ನಿಲ್ಲಿಸಿದೆ,” ಎಂದು ಗೊಣಗಿದಳು. ಆಮೇಲೆ ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದು ಕೇಳಿದಳು: “ಹಾಗಾದ್ರೆ ಸಾರ್, ಈಗ ನಾವು ಕೂತಿರೋದು?”

“ಈ ಭೂಮಿನೂ ಓಡ್ತಾನೇ ಇದೆ ತಾಯಿ.”