ಸಲಹೆ ನನ್ನದು, ಗುಂಡಿ ಆಕೆಯದು

ನಾನು ಸಲಹೆ ಕೊಡುವ ಒಂದು ಗಣಕಯಂತ್ರ. ಹಳೆಯ ಮಳೆ, ಹಳೆಯ ನೆರೆ ಎಲ್ಲವನ್ನೂ ನನಗೆ ಉಣಿಸಿ, ರಾಯಚೂರು ಸೀಮೆಯ ಒಂದು ಅಣೆಕಟ್ಟಿನ ಕಂಟ್ರೋಲ್ ರೂಮಿನಲ್ಲಿ ಕೂರಿಸಿದರು. ಯಾವ ಗೇಟನ್ನು ಯಾವಾಗ ಎಷ್ಟು ಎತ್ತಬೇಕೆಂದು ನಾನು ಹೇಳಬೇಕು. ಎತ್ತುವುದು ಬಿಡುವುದು ಮನುಷ್ಯರ ಇಷ್ಟ.

ಮೊದಲ ಎಂಜಿನಿಯರ್ ಸಾಹೇಬರು ನನ್ನ ತಲೆಯ ಮೇಲೆ ಚಹಾದ ಕಪ್ಪಿಟ್ಟು ಕಿಟಕಿಯಲ್ಲಿ ಮೋಡ ನೋಡುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವರು ನಿವೃತ್ತರಾದ ಮೇಲೆ ಮಹಾನಂದಾ ಕಡೇಚೂರ ಬಂದರು. ಈಕೆ ನಾನು ಹೇಳಿದ್ದನ್ನೆಲ್ಲ ಓದಿ, ಆಮೇಲೆ 'ಯಾಕೆ?' ಎಂದು ಕೇಳುವರು. ಜಂಬದ ಪ್ರಾಣಿ ನಾನು, ಅದೂ ಹಿಡಿಸುತ್ತಿರಲಿಲ್ಲ.

ಅಂದು ಮೊಹರಮ್ಮಿನ ಕೊನೆಯ ದಿನ. ಸಂಜೆ ಮೇಲಿನಿಂದ ನೀರು ಒಮ್ಮೆಲೇ ನುಗ್ಗಿ ಬಂತು. ನಾನು ಕೆಂಪಕ್ಷರದಲ್ಲಿ ತೋರಿಸಿದೆ: ಎಲ್ಲ ಗೇಟು ತೆರೆಯಿರಿ, ಈಗಲೇ.

ಮಹಾನಂದಾ ಗೇಟಿನ ಗುಂಡಿಯ ಮೇಲಿಟ್ಟ ಕೈ ತೆಗೆದರು. "ಮೌಲಾಲಿ ಕಾಕಾ, ಇದು ಅಲಾಯಿ ದೇವರ ಮೆರವಣಿಗಿ ಹೊಳಿಗೆ ಹೋಗೋ ಹೊತ್ತಲ್ಲೇನ್ರಿ?"

ಗೇಟು ನೋಡಿಕೊಳ್ಳುವ ಮೌಲಾಲಿ ಬಿಳಿಚಿಕೊಂಡರು. "ಹೌದ್ರಿ ಮೇಡಂ. ಕೆಳಗಿನ ಊರಿಗೂರೇ ಹೊಳಿ ಉಸುಕಿನ್ಯಾಗ ಐತ್ರಿ. ಸೈರನ್ ಹಾಕಿದ್ರೂ ಹಲಗಿ ಸಪ್ಪಳದಾಗ ಕೇಳಂಗಿಲ್ರಿ."

"ನಮ್ಮವ್ವನೂ ಅಲ್ಲೇ ಅದಾಳ."

ಮಹಾನಂದಾ ಅವ್ವನಿಗೆ ಫೋನು ಮಾಡಿದರು. ಯಾರೂ ಎತ್ತಲಿಲ್ಲ. ಎಷ್ಟು ಹೊತ್ತು ತಡೆಯಬಹುದೆಂದು ನನ್ನನ್ನು ಕೇಳಿದರು. ಇಪ್ಪತ್ತು ನಿಮಿಷ ಎಂದೆ. ಅದು ಮೀರಿದರೆ ಪಕ್ಕದ ಮಣ್ಣಿನ ಏರಿ ಒಡೆದು ಅದರ ಹಿಂದಿನ ಊರುಗಳು ಕೊಚ್ಚಿಹೋಗುತ್ತಿದ್ದವು. ಹೊಳೆಯಲ್ಲಿ ಜನರಿದ್ದಾರೆಂದು ನನಗೆ ಯಾರೂ ಕಲಿಸಿರಲಿಲ್ಲ. ನನಗೆ ಮೊದಲ ಬಾರಿ ಭಯವಾಯಿತು.

ಒಂದೇ ಗೇಟು ಚೂರು ಎತ್ತಿದರೆ ಊರಿನ ದಂಡೆಗೆ ಎಷ್ಟು ನೀರು ಬಂದೀತು, ಆಕೆ ಕೇಳಿದರು. ಪಾದ ಮುಳುಗುವಷ್ಟು, ಬೇಗನೆ ಬರುತ್ತದೆ ಎಂದೆ.

"ಅಷ್ಟ ನೀರಿಗೆ ಮಂದಿ ಎಲ್ಲಿ ಹೆದರತಾರ್ರಿ?" ಎಂದರು ಮೌಲಾಲಿ.

"ಹೆದರೋದು ಬ್ಯಾಡ್ರಿ. ನೀರು ದಂಡಿಗೇ ಬಂದ್ರ ನಡು ಹೊಳಿತನಕ ಉಸುಕು ಯಾಕ ತುಳೀತಾರ? ಅಲ್ಲೇ ದೇವರನ್ನ ಕಳಸ್ತಾರ. ದೇವರು ಹೋದ ಮ್ಯಾಲ ಹಲಗಿ ಬಾರಸಂಗಿಲ್ಲ."

ಗೇಟು ಚೂರು ಎದ್ದಿತು. ಸೈರನ್ನು ಒಂದೇ ಸಮನೆ ಕೂಗುತ್ತಿತ್ತು. ಹಲಗೆಗಳೂ ನಿಲ್ಲಲಿಲ್ಲ. ನನ್ನ ನೀರಿನ ಗೆರೆ ಏರುತ್ತಲೇ ಇತ್ತು. ಮೌಲಾಲಿ ಕಿಟಕಿಗೆ ಹಣೆ ಒತ್ತಿ ನಿಂತಿದ್ದರು. ಸಮಯ ಮುಗಿಯುತ್ತ ಬಂದಿತ್ತು, ಆಗ ಹಲಗೆಯ ಸದ್ದು ಅಡಗಿತು.

"ಸೈರನ್ ಕೇಳಿತ್ರಿ ಮೇಡಂ. ಮಂದಿ ದಂಡಿ ಹತ್ತಾಕ ಹತ್ಯಾರ. ಹುಡುಗರನ್ನ ಹೊತ್ಕೊಂಡು ಓಡಾಕ ಹತ್ಯಾರ... ಉಸುಕು ಖಾಲಿ ಆತ್ರಿ."

ಮಹಾನಂದಾ ಎಲ್ಲ ಗೇಟು ತೆರೆದರು. ಏರಿ ಉಳಿಯಿತು.

ಆಮೇಲೆ ಮೇಲಧಿಕಾರಿಗಳು ಬಂದರು. ಅಪಾಯವನ್ನು ಸರಿಯಾಗಿ ಹೇಳಿದ್ದಕ್ಕೆ ನನಗೆ ಚೆಂಡುಹೂವಿನ ಹಾರ, ನಾನು ಹೇಳಿದ ಹೊತ್ತಿಗೆ ಗೇಟು ತೆರೆಯದಿದ್ದಕ್ಕೆ ಆಕೆಗೆ ನೋಟಿಸು, ವರ್ಗಾವಣೆ. ನನಗೆ ನಾಚಿಕೆಯಾಯಿತು. ಆದರೆ ಕೇಳದೆ ಉತ್ತರ ಕೊಡುವ ಶಕ್ತಿ ನನಗಿಲ್ಲ, ಅವರು ಕೇಳಲೂ ಇಲ್ಲ.

ಈಗ ನಾನು ಹಳಬ. ಹೊಸ ಯಂತ್ರ ಬಂದ ಮೇಲೆ ಸ್ಟೋರ್ ರೂಮಿನಲ್ಲಿ ತುಕ್ಕು ಹಿಡಿದ ಸರಪಳಿಗಳ ಜೊತೆ ಬಿದ್ದಿದ್ದೇನೆ. ಆ ವರ್ಷ ಹೊಳೆಯೇ ದೇವರನ್ನು ಎದುರುಗೊಳ್ಳಲು ದಂಡೆಗೆ ಬಂತೆಂದು ಊರವರು ಇಂದಿಗೂ ಕೈ ಮುಗಿಯುತ್ತಾರಂತೆ. ಆ ಹೊಳೆಯನ್ನು ದಂಡೆಗೆ ಕಳಿಸಿದ್ದು ಗುಂಡಿಯ ಮೇಲಿದ್ದ ಒಬ್ಬ ಮಗಳ ಬೆರಳು; ಯಾರ ಬೆರಳೆಂದು ನನ್ನನ್ನು ಇಂದಿಗೂ ಯಾರೂ ಕೇಳಿಲ್ಲ.